ಬ್ಲಾಕ್ ಕವಲಿನಲ್ಲೇ ಯಾಕೆ? ರಕ್ತದ ಹರಿವು ಮತ್ತು ನಾಳದ ಒಳಪದರದ ಕಥೆ

ದಾವಣಗೆರೆಯಲ್ಲಿ ಯಾರಿಗಾದರೂ ಆಂಜಿಯೋಗ್ರಾಂ ಆಯಿತು ಅಂದರೆ ನೋಡಲು ಬಂದವರೆಲ್ಲ ಮೊದಲು ಕೇಳುವುದು 'ಎಷ್ಟು ಬ್ಲಾಕ್ ಐತಂತೆ?' ಎಷ್ಟು ಪರ್ಸೆಂಟ್, ಎಷ್ಟು ಸ್ಟೆಂಟ್, ಎಷ್ಟು ಖರ್ಚು. ಬ್ಲಾಕ್ ಎಲ್ಲಿ ಆಗಿದೆ ಅಂತ ಕೇಳುವವರು ಕಡಿಮೆ. ನನಗೆ ಮಾತ್ರ ಆ 'ಎಲ್ಲಿ' ಅನ್ನುವುದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು. ಹೃದಯದ ಪಾಠ ಬಂದಾಗಲೆಲ್ಲ ಈ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದೇ ಮುಂದೆ ಹೋಗುತ್ತೇನೆ.

ವಿಷಯ ಏನಪ್ಪಾ ಅಂದರೆ, ಕೊಲೆಸ್ಟ್ರಾಲ್ ಇರುವುದು ರಕ್ತದಲ್ಲಿ. ರಕ್ತ ಇಡೀ ಮೈಯಲ್ಲಿ ಓಡಾಡುತ್ತದೆ. ತಲೆಯಿಂದ ಕಾಲಿನ ಹೆಬ್ಬೆರಳಿನ ತನಕ ಅದೇ ರಕ್ತ, ಅದೇ ಕೊಲೆಸ್ಟ್ರಾಲ್, ಅದೇ ಸಕ್ಕರೆ. ಹಾಗಿದ್ದರೆ ಬ್ಲಾಕ್ ಎಲ್ಲ ನಾಳಗಳಲ್ಲೂ ಸಮನಾಗಿ ಆಗಬೇಕಿತ್ತು, ಅಲ್ವಾ? ಹಾಗೆ ಆಗುವುದಿಲ್ಲ. ಹೃದಯದ ಎಡಗಡೆಯ ಮುಖ್ಯ ನಾಳ ಎರಡಾಗಿ ಒಡೆಯುವ ಜಾಗದ ಹತ್ತಿರ ಆಗುತ್ತದೆ. ಕುತ್ತಿಗೆಯಲ್ಲಿ ಮಿದುಳಿಗೆ ಹೋಗುವ ನಾಳ ಕವಲೊಡೆಯುವ ಕಡೆ ಆಗುತ್ತದೆ. ಹೊಟ್ಟೆಯೊಳಗಿನ ಮಹಾಪಧಮನಿಯಲ್ಲಿ ಕಿಡ್ನಿಯ ಕವಲುಗಳಿಂದ ಕೆಳಗೆ ಆಗುತ್ತದೆ. ಕವಲಿನಲ್ಲೂ ಎಲ್ಲ ಕಡೆ ಅಲ್ಲ. ರಕ್ತ ನೇರವಾಗಿ ಬಂದು ಬಡಿದು ಎರಡಾಗಿ ಸೀಳುವ ಅಂಚು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಅದರ ಎದುರಿನ ಹೊರಗೋಡೆ ಕೆಡುತ್ತದೆ. ಒಂದೇ ನಾಳ, ಒಂದೇ ಜಾಗ, ಕೆಲವೇ ಮಿಲಿಮೀಟರ್ ಅಂತರದಲ್ಲಿ ಒಂದು ಬದಿ ಆರೋಗ್ಯವಾಗಿದೆ, ಇನ್ನೊಂದು ಬದಿ ಕಾಯಿಲೆ ಬಿದ್ದಿದೆ.

ಇದಕ್ಕೆ ಕಾರಣ ಹುಡುಕುತ್ತಾ ಹೋದರೆ ಸಿಗುವುದು ನಾಳದ ಒಳಮೈಯಲ್ಲಿ ಹಾಸಿಕೊಂಡಿರುವ ಒಂದೇ ಒಂದು ಸಾಲು ಜೀವಕೋಶಗಳು. ಹೆಸರು ಎಂಡೋಥೀಲಿಯಮ್. ನಾನು ಇಲ್ಲಿ ಒಳಪದರ ಅಂತಲೇ ಕರೆಯುತ್ತೇನೆ. ಹೃದಯದಿಂದ ಹಿಡಿದು ಕೂದಲಿಗಿಂತ ಸಣ್ಣ ನಾಳಗಳ ತನಕ ರಕ್ತ ಮುಟ್ಟುವ ಎಲ್ಲ ಕಡೆಯೂ ಇದು ಇದೆ. ಒಂದೇ ಪದರ, ದಪ್ಪ ಹೆಚ್ಚೆಂದರೆ ಒಂದೆರಡು ಮೈಕ್ರಾನ್. ಮೈಕ್ರಾನ್ ಅಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು. ರಕ್ತಕ್ಕೂ ಗೋಡೆಗೂ ನಡುವೆ ಇರುವುದು ಇಷ್ಟೇ. ಬಹಳ ಕಾಲ ವೈದ್ಯರು ಇದನ್ನು ಸುಮ್ನೆ ಒಂದು ಲೈನಿಂಗ್ ಅಂದುಕೊಂಡಿದ್ದರು. ನಿಜ ಏನೆಂದರೆ ಈ ಪದರ ತನ್ನ ಮೇಲೆ ರಕ್ತ ಹೇಗೆ ಹರಿಯುತ್ತಿದೆ ಅಂತ ಕ್ಷಣಕ್ಷಣವೂ ಗಮನಿಸುತ್ತಿರುತ್ತದೆ, ಅದಕ್ಕೆ ತಕ್ಕಂತೆ ತನ್ನ ನಡವಳಿಕೆಯನ್ನೇ ಬದಲಿಸಿಕೊಳ್ಳುತ್ತದೆ.

ಅದರ ಮೇಲೆ ಬೀಳುವ ಬಲಗಳು ಮೂರು. ಮೊದಲನೆಯದು ನಮಗೆಲ್ಲ ಗೊತ್ತಿರುವ ಬಿಪಿ, ರಕ್ತ ಗೋಡೆಯನ್ನು ಹೊರಕ್ಕೆ ಒತ್ತುವ ಬಲ. ಎರಡನೆಯದು ಹಿಗ್ಗು. ಹೃದಯ ಒಂದು ಸಲ ಬಡಿದಾಗ ದೊಡ್ಡ ನಾಳ ಸ್ವಲ್ಪ ಹಿಗ್ಗಿ ಮತ್ತೆ ಕುಗ್ಗುತ್ತದೆ, ಜೊತೆಗೆ ಜೀವಕೋಶಗಳೂ ಹಿಗ್ಗಬೇಕು. ದಿನಕ್ಕೆ ಸುಮಾರು ಒಂದು ಲಕ್ಷ ಸಲ. ಮೂರನೆಯದು ರಕ್ತ ಹರಿಯುತ್ತಾ ಹೋಗುವಾಗ ಒಳಪದರವನ್ನು ಉಜ್ಜಿಕೊಂಡು ಹೋಗುವ ಬಲ. ಇದಕ್ಕೆ ಶಿಯರ್ ಸ್ಟ್ರೆಸ್ ಅನ್ನುತ್ತಾರೆ. ಉಜ್ಜು ಬಲ ಅನ್ನೋಣ.

ಈ ಉಜ್ಜು ಬಲ ಎಷ್ಟು ಸಣ್ಣದು ಅಂತ ಲೆಕ್ಕ ನೋಡಿದರೆ ಆಶ್ಚರ್ಯ ಆಗುತ್ತದೆ. ಬಿಪಿ 120 ಅಂದರೆ ಸುಮಾರು 16,000 ಪ್ಯಾಸ್ಕಲ್ (ಒತ್ತಡ ಅಳೆಯುವ ಮಾನ). ದೊಡ್ಡ ನಾಳದ ನೇರ ಭಾಗದಲ್ಲಿ ಉಜ್ಜು ಬಲ 1ರಿಂದ 7 ಪ್ಯಾಸ್ಕಲ್ ಅಷ್ಟೇ. ಅಂದರೆ ಒತ್ತುವ ಬಲದ ಮುಂದೆ ಇದು ಸಾವಿರಾರು ಪಟ್ಟು ಕಡಿಮೆ. ಒತ್ತಡವನ್ನು ಹೊರುವುದು ಗೋಡೆಯ ಹೊರಗಿನ ದಪ್ಪ ಪದರಗಳ ಕೆಲಸ. ಉಜ್ಜು ಬಲ ಮಾತ್ರ ಪೂರ್ತಿ ಬೀಳುವುದು ಈ ಒಂದೇ ಸಾಲಿನ ಮೇಲೆ. ಒಳಪದರ ಇಷ್ಟು ಸಣ್ಣ ಬಲದ ಏರಿಳಿತವನ್ನೇ ಹಿಡಿದು ನಿರ್ಧಾರ ಮಾಡುತ್ತದೆ.

ಕವಲಿನಲ್ಲಿ ಈ ಬಲ ಏನಾಗುತ್ತದೆ ಅಂತ ನೋಡಬೇಕಾದರೆ ನಮ್ಮ ಭದ್ರಾ ನಾಲೆಯ ಹತ್ತಿರ ಹೋಗಿ ನಿಂತರೆ ಸಾಕು. ನೀರು ಬಿಟ್ಟ ದಿನಗಳಲ್ಲಿ, ದೊಡ್ಡ ನಾಲೆಯಿಂದ ಉಪನಾಲೆ ತಿರುಗುವ ಜಾಗ ನೋಡಿ. ನಡುವೆ ನೀರು ಭರದಿಂದ ಹೋಗುತ್ತಿರುತ್ತದೆ. ತಿರುವಿನ ಮೂಲೆ ದಾಟಿದ ಕೂಡಲೇ ಒಂದು ಬದಿಯಲ್ಲಿ ಮಾತ್ರ ನೀರಿಗೆ ಗೊಂದಲ. ಅಲ್ಲಿ ಒಣಗಿದ ಎಲೆ, ಪ್ಲಾಸ್ಟಿಕ್ ಕವರ್, ತೆಂಗಿನ ಕರಟ, ನೊರೆ ಎಲ್ಲ ಸುತ್ತುತ್ತಾ ಇರುತ್ತವೆ. ಸ್ವಲ್ಪ ಮುಂದೆ ಹೋಗುತ್ತವೆ, ಮತ್ತೆ ಹಿಂದಕ್ಕೆ ಬರುತ್ತವೆ. ಹೂಳು ಕೂರುವುದೂ ಅದೇ ದಂಡೆಯಲ್ಲಿ. ಎದುರು ದಂಡೆಯ ಕಾಂಕ್ರೀಟ್ ತೊಳೆದಿಟ್ಟ ಹಾಗೆ ಇರುತ್ತದೆ. ರಕ್ತನಾಳದ ಕವಲಿನಲ್ಲೂ ಹರಿವು ಹೀಗೇ. ಹೊರಗೋಡೆಯ ಹತ್ತಿರ ರಕ್ತ ಗೋಡೆಯನ್ನು ಬಿಟ್ಟು ದೂರ ಸರಿಯುತ್ತದೆ, ಅಲ್ಲಿ ಸಣ್ಣ ಸುಳಿ ಏಳುತ್ತದೆ, ಹೃದಯದ ಒಂದು ಬಡಿತದಲ್ಲೇ ಮುಂದಕ್ಕೆ ಒಮ್ಮೆ ಹಿಂದಕ್ಕೆ ಒಮ್ಮೆ ಹರಿಯುತ್ತದೆ. ಅಂಥ ಜಾಗದಲ್ಲಿ ಉಜ್ಜು ಬಲ ಸರಾಸರಿ 0.4 ಪ್ಯಾಸ್ಕಲ್‌ಗಿಂತ ಕೆಳಗೆ ಇಳಿದಿರುತ್ತದೆ.

ಆದರೆ ನಾಲೆಯ ಹೋಲಿಕೆಯನ್ನು ಇಲ್ಲಿಗೇ ಬಿಡಬೇಕು, ಇನ್ನು ಮುಂದಕ್ಕೆ ಎಳೆದರೆ ದಾರಿ ತಪ್ಪುತ್ತದೆ. ನಾಲೆಯ ದಂಡೆಗೆ ಜೀವ ಇಲ್ಲ. ಹೂಳು ತನ್ನಷ್ಟಕ್ಕೆ ತಾನು ಕೂರುತ್ತದೆ. ರಕ್ತನಾಳದಲ್ಲಿ ಕೊಬ್ಬು ಹಾಗೆ ಕೂರುವುದಿಲ್ಲ. ಅಲ್ಲಿ ಗೋಡೆಯೇ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಒಳಪದರ ಬರೀ ಲೈನಿಂಗ್ ಅಲ್ಲ ಅಂತ ಜಗತ್ತಿಗೆ ಗೊತ್ತಾದ ಸಂಗತಿ ಹೇಳಲೇಬೇಕು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಅಂತ ಒಬ್ಬ ವಿಜ್ಞಾನಿ ಇದ್ದರು. ಮೊಲದ ಮಹಾಪಧಮನಿಯ ತುಂಡುಗಳ ಮೇಲೆ ಅಸಿಟೈಲ್‌ಕೋಲಿನ್ ಅನ್ನುವ ಔಷಧಿ ಹಾಕಿ ಏನಾಗುತ್ತದೆ ಅಂತ ನೋಡುತ್ತಿದ್ದರು. ಕೆಲವು ಸಲ ತುಂಡು ಬಿಗಿಯುತ್ತಿತ್ತು, ಕೆಲವು ಸಲ ಸಡಿಲ ಆಗುತ್ತಿತ್ತು. ಅದೇ ಔಷಧಿ, ಅದೇ ಮೊಲ, ಉಲ್ಟಾ ಫಲಿತಾಂಶ. ಕೊನೆಗೆ ಗೊತ್ತಾಗಿದ್ದು ಏನೆಂದರೆ, ತುಂಡು ತಯಾರು ಮಾಡುವಾಗ ಒಳಮೈ ಎಲ್ಲಿಗಾದರೂ ಉಜ್ಜಿ ಆ ಒಂದು ಸಾಲು ಜೀವಕೋಶ ಕಿತ್ತು ಹೋಗಿದ್ದರೆ ನಾಳ ಬಿಗಿಯುತ್ತಿತ್ತು, ಹುಷಾರಾಗಿ ಹಿಡಿದು ಒಳಪದರ ಉಳಿದಿದ್ದರೆ ಸಡಿಲ ಆಗುತ್ತಿತ್ತು. ಅಂದರೆ ನಾಳದ ಸ್ನಾಯುವಿಗೆ 'ಸಡಿಲ ಬಿಡು' ಅಂತ ಹೇಳುತ್ತಿದ್ದದ್ದು ಒಳಪದರ. 1980ರಲ್ಲಿ ಇದು ಪ್ರಕಟವಾಯಿತು. ಹಾಗೆ ಹೇಳಲು ಒಳಪದರ ಬಳಸುವ ವಸ್ತು ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಅಂತ ಆ ದಶಕದ ಕೊನೆಯ ಹೊತ್ತಿಗೆ ಖಚಿತವಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ, ಫೆರಿಡ್ ಮುರಾದ್ ಮೂವರಿಗೂ ನೊಬೆಲ್ ಬಂತು. ಹುಟ್ಟಿದ ಕೆಲವೇ ಸೆಕೆಂಡಿನಲ್ಲಿ ಮಾಯವಾಗುವ ಅನಿಲ ಇದು. ಹಾಗಾಗಿ ಕೂಡಿಟ್ಟುಕೊಳ್ಳಲು ಆಗುವುದಿಲ್ಲ, ಸದಾ ಹೊಸದಾಗಿ ತಯಾರಾಗುತ್ತಲೇ ಇರಬೇಕು. ತಯಾರಾಗಲು ಇರುವ ದೊಡ್ಡ ಪ್ರಚೋದನೆಗಳಲ್ಲಿ ಒಂದು ಇದೇ ಉಜ್ಜು ಬಲ.

ಕಣ್ಣಿಲ್ಲದ ಕಿವಿಯಿಲ್ಲದ ಒಂದು ಜೀವಕೋಶಕ್ಕೆ ಹರಿವು ಗೊತ್ತಾಗುವುದು ಹೇಗೆ? ಇದಕ್ಕೆ ಒಂದೇ ಅಂಗ ಇಲ್ಲ, ಹಲವು ಇವೆ. ಜೀವಕೋಶದ ಮೇಲ್ಮೈಯಲ್ಲಿ ಸಕ್ಕರೆ ಮತ್ತು ಪ್ರೋಟೀನಿನ ಸಣ್ಣ ಎಳೆಗಳ ಪದರ ಇದೆ, ಅದು ಹರಿವಿಗೆ ಬಾಗಿದಾಗ ಸೂಚನೆ ಒಳಗೆ ಹೋಗುತ್ತದೆ. ಎರಡು ಜೀವಕೋಶ ಕೂಡುವ ಅಂಚಿನಲ್ಲಿ ಎಳೆತವನ್ನು ಗುರುತಿಸುವ ಪ್ರೋಟೀನುಗಳ ಒಂದು ಗುಂಪೇ ಇದೆ. ಇನ್ನೊಂದು ಪೀಜೋ1. ಜೀವಕೋಶದ ಪೊರೆಯಲ್ಲಿ ಕೂತಿರುವ ಬಾಗಿಲು. ಪೊರೆ ಎಳೆದರೆ ಬಾಗಿಲು ತೆರೆದುಕೊಂಡು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. 2010ರಲ್ಲಿ ಆರ್ಡೆಮ್ ಪಟಪೂಟಿಯನ್ ಅವರ ತಂಡ ಇದನ್ನು ಕಂಡುಹಿಡಿಯಿತು. ಸ್ಪರ್ಶ ನಮಗೆ ಹೇಗೆ ಗೊತ್ತಾಗುತ್ತದೆ ಅನ್ನುವ ಕೆಲಸಕ್ಕೆ 2021ರಲ್ಲಿ ಡೇವಿಡ್ ಜೂಲಿಯಸ್ ಜೊತೆ ಅವರಿಗೆ ನೊಬೆಲ್ ಕೊಟ್ಟರಲ್ಲ, ಅದೇ ಪೀಜೋ ಕುಟುಂಬ. ಬೆರಳಿನ ಚರ್ಮಕ್ಕೆ ಮುಟ್ಟಿದ್ದು ತಿಳಿಸುವ ಪೀಜೋ2 ಮತ್ತು ನಾಳದ ಒಳಪದರಕ್ಕೆ ರಕ್ತ ಮುಟ್ಟಿದ್ದು ತಿಳಿಸುವ ಪೀಜೋ1 ಹತ್ತಿರದ ಸಂಬಂಧಿಗಳು ಅನ್ನುವುದು ನನಗೆ ಎಷ್ಟು ಸಲ ಹೇಳಿದರೂ ಖುಷಿ ಕೊಡುವ ವಿಷಯ.

ಹರಿವು ಶುರುವಾದ ಕೆಲವು ಸೆಕೆಂಡಿಗೆ ಕ್ಯಾಲ್ಸಿಯಂ ಏರುತ್ತದೆ. ಕೂಡಲೇ ನೈಟ್ರಿಕ್ ಆಕ್ಸೈಡ್ ಹೊರಬರುತ್ತದೆ. ಕೆಲವು ಗಂಟೆ ಹರಿವು ಹಾಗೇ ಇದ್ದರೆ ಜೀನ್‌ಗಳು ಕೆಲಸ ಮಾಡುವ ರೀತಿಯೇ ಬದಲಾಗುತ್ತದೆ. ಒಂದೆರಡು ದಿನಕ್ಕೆ ಜೀವಕೋಶದ ಆಕಾರವೇ ಬದಲಾಗುತ್ತದೆ. 1981ರಲ್ಲಿ ಅಮೆರಿಕದ ಒಂದು ತಂಡ ಲ್ಯಾಬಿನಲ್ಲಿ ದನದ ನಾಳದ ಒಳಪದರದ ಜೀವಕೋಶಗಳನ್ನು ಬೆಳೆಸಿ, ಅವುಗಳ ಮೇಲೆ ದ್ರವ ಹರಿಸಿ ನೋಡಿತು. ನಿಂತ ದ್ರವದಲ್ಲಿ ದಿಕ್ಕಿಲ್ಲದೆ ಅಡ್ಡಾದಿಡ್ಡಿ ಇದ್ದ ಜೀವಕೋಶಗಳು ಉದ್ದಕ್ಕೆ ಎಳೆದುಕೊಂಡು, ಒಂದರ ಪಕ್ಕ ಒಂದು ಹರಿವಿನ ದಿಕ್ಕಿಗೇ ಮಲಗಿದವು.

ಮೈಯಲ್ಲೂ ಹಾಗೇ ಇದೆ. ನಾಳದ ನೇರ ಭಾಗದಲ್ಲಿ, ಅಂದರೆ ಹರಿವು ಒಂದೇ ದಿಕ್ಕಿಗೆ, ಸಾಕಷ್ಟು ಜೋರಾಗಿ ಇರುವ ಕಡೆ, ಜೀವಕೋಶಗಳು ಉದ್ದುದ್ದ ಸಾಲಾಗಿ ಇರುತ್ತವೆ. ಕೆಎಲ್ಎಫ್2 ಅನ್ನುವ ಜೀನ್ ಚುರುಕಾಗಿರುತ್ತದೆ, ಅದು ಉರಿಯೂತವನ್ನು ಅದುಮಿ ಹಿಡಿಯುತ್ತದೆ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಕವಲಿನ ಹೊರಗೋಡೆಯಲ್ಲಿ ಜೀವಕೋಶಗಳಿಗೆ ಯಾವ ಕಡೆ ಮಲಗಬೇಕು ಅಂತಲೇ ಗೊತ್ತಾಗುವುದಿಲ್ಲ. ಗುಂಡಗೆ, ಅಸ್ತವ್ಯಸ್ತ ಉಳಿಯುತ್ತವೆ. ಬೇಗ ಸಾಯುತ್ತವೆ, ಬೇಗ ಹುಟ್ಟುತ್ತವೆ. ನಡುವಿನ ಸಂದುಗಳು ಸಡಿಲ. ಕೆಎಲ್ಎಫ್2 ಮಂಕಾಗಿ, ಉರಿಯೂತ ಎಬ್ಬಿಸುವ ಎನ್ಎಫ್-ಕಪ್ಪಾ-ಬಿ ಅನ್ನುವ ಪ್ರೋಟೀನು ಕಾಯುತ್ತಾ ಕೂತಿರುತ್ತದೆ. ಕಾಯಿಲೆ ಇನ್ನೂ ಬಂದಿಲ್ಲ, ಬರಲು ಬೇಕಾದ ತಯಾರಿ ಮಾತ್ರ ಆಗಿದೆ. ಇಂಥ ಜಾಗ ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ, ಎಂಟು ವರ್ಷದ ಮಗುವಿನಲ್ಲೂ ಇದೆ.

ಹಿಗ್ಗುವ ಬಲದ ಬಗ್ಗೆಯೂ ಇಲ್ಲೇ ಒಂದು ಮಾತು. ಜೀವಕೋಶಗಳು ತಮ್ಮನ್ನು ಹಿಗ್ಗಿಸುವ ದಿಕ್ಕಿಗೆ ಅಡ್ಡಲಾಗಿ ಮಲಗಲು ನೋಡುತ್ತವೆ. ನೇರ ನಾಳ ಸುತ್ತಳತೆಯಲ್ಲಿ ಹಿಗ್ಗುತ್ತದೆ, ಅದಕ್ಕೆ ಅಡ್ಡ ಅಂದರೆ ನಾಳದ ಉದ್ದಕ್ಕೆ. ಹರಿವು ಹೇಳುವುದೂ ಅದನ್ನೇ. ಎರಡೂ ಬಲಗಳ ಮಾತು ಒಂದೇ ಆಗಿರುವ ಕಡೆ ಒಳಪದರ ನೆಮ್ಮದಿಯಾಗಿದೆ. ಕವಲಿನಲ್ಲಿ ಎರಡೂ ಬೇರೆ ಬೇರೆ ಹೇಳುತ್ತವೆ.

ಈಗ ಇದೆಲ್ಲ ಸಲೀಸಾಗಿ ಹೇಳುತ್ತಿದ್ದೇವೆ, ಆದರೆ ಒಂದು ಕಾಲದಲ್ಲಿ ಇದರ ಮೇಲೆ ದೊಡ್ಡ ವಾದ ಇತ್ತು. 1968ರಲ್ಲಿ ಅಮೆರಿಕದ ಡೊನಾಲ್ಡ್ ಫ್ರೈ ನಾಯಿಗಳ ಮೇಲೆ ಪ್ರಯೋಗ ಮಾಡಿ, ಹರಿವು ಅತಿ ಜೋರಾದರೆ ಒಳಪದರ ಸವೆದು ಕಿತ್ತು ಹೋಗುತ್ತದೆ ಅಂತ ತೋರಿಸಿದರು. ಹಾಗಾಗಿ ಬ್ಲಾಕ್ ಆಗುವುದು ರಕ್ತ ಜೋರಾಗಿ ಬಡಿಯುವ ಕಡೆ ಅಂತ ಅನೇಕರು ನಂಬಿದರು. ಕೇಳಲು ಸರಿ ಅನ್ನಿಸುತ್ತದೆ ಕೂಡ. ಮುಂದಿನ ವರ್ಷವೇ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಾಲಿನ್ ಕ್ಯಾರೋ ಮತ್ತು ಜೊತೆಗಾರರು ಇದಕ್ಕೆ ಉಲ್ಟಾ ಮಾತು ಹೇಳಿದರು: ಕಾಯಿಲೆ ಇರುವ ಜಾಗಗಳು ಉಜ್ಜು ಬಲ ಕಡಿಮೆ ಇರುವ ಜಾಗಗಳು. ಆಮೇಲೆ ಬಂದ ಅಧ್ಯಯನಗಳು ಕ್ಯಾರೋ ಕಡೆಗೇ ವಾಲಿದವು. ಫ್ರೈ ಪ್ರಯೋಗ ಸುಳ್ಳಲ್ಲ. ಅವರು ಹಚ್ಚಿದ ಬಲ ಸುಮಾರು 40 ಪ್ಯಾಸ್ಕಲ್, ಆರೋಗ್ಯವಂತ ದೊಡ್ಡ ನಾಳದಲ್ಲಿ ಸಾಮಾನ್ಯವಾಗಿ ಕಾಣದಷ್ಟು. ಬ್ಲಾಕ್ ಆದಮೇಲೆ ಇಕ್ಕಟ್ಟಾದ ಗಂಟಲಿನಲ್ಲಿ ಬಲ ವಿಪರೀತ ಏರುತ್ತದೆ, ಅಲ್ಲಿ ಪ್ಲೇಟ್‌ಲೆಟ್‌ಗಳು ಕೆರಳಿ ರಕ್ತ ಹೆಪ್ಪುಗಟ್ಟಬಹುದು. ಅಂದರೆ ಉಜ್ಜು ಬಲ ಜಾಸ್ತಿ ಆದಷ್ಟೂ ಒಳ್ಳೆಯದು ಅಂತ ತಿಳಿಯಬೇಡಿ.

ತಯಾರಾಗಿ ಕೂತ ಜಾಗಕ್ಕೆ ಎಲ್‌ಡಿಎಲ್, ಅಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಓಡಾಡುವ ಕಣ, ಜಾಸ್ತಿ ಇರುವ ರಕ್ತ ಬಂದರೆ ಏನಾಗುತ್ತದೆ? ಎಲ್‌ಡಿಎಲ್ ಒಳಪದರ ದಾಟಿ ಗೋಡೆಯೊಳಗೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಳಪದರ ತನ್ನ ಮೇಲ್ಮೈಯಲ್ಲಿ ಅಂಟು ಪ್ರೋಟೀನುಗಳನ್ನು ಹೊರಗೆ ಹಾಕಿ ಬಿಳಿ ರಕ್ತಕಣಗಳನ್ನು ಹಿಡಿದು ನಿಲ್ಲಿಸುತ್ತದೆ. ಅವು ಗೋಡೆಯೊಳಗೆ ನುಸುಳಿ, ಕೊಬ್ಬು ನುಂಗಿ ನುಂಗಿ ಊದಿಕೊಂಡು, ಅಲ್ಲೇ ಸಾಯುತ್ತವೆ. ವರ್ಷಗಟ್ಟಲೆ ಹೀಗೆ ನಡೆದು ಗೋಡೆಯೊಳಗೆ ಬೆಳೆಯುವ ಗಡ್ಡೆಯೇ ಬ್ಲಾಕ್. ಗೋಡೆಯ ಮೇಲೆ ಅಂಟಿದ ಜಿಡ್ಡಲ್ಲ ಅದು, ಒಳಪದರದ ಅಡಿಯಲ್ಲಿ ಹೂತಿರುತ್ತದೆ. ಬೆಳಗ್ಗೆ ಬಿಸಿನೀರು ಕುಡಿದರೆ ಬ್ಲಾಕ್ ಕರಗುತ್ತದೆ, ನಿಂಬೆಹಣ್ಣು ಬೆಳ್ಳುಳ್ಳಿ ರಸ ಕುಡಿದರೆ ನಾಳ ಕ್ಲೀನ್ ಆಗುತ್ತದೆ ಅಂತ ವಾಟ್ಸ್ಯಾಪಿನಲ್ಲಿ ಬರುವುದನ್ನು ನಂಬಿ ಮಾತ್ರೆ ಬಿಟ್ಟವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ತೊಳೆದು ತೆಗೆಯುವ ಜಾಗದಲ್ಲಿ ಅದು ಇಲ್ಲವೇ ಇಲ್ಲ. ದಯವಿಟ್ಟು ಮಾತ್ರೆ ಬಿಡಬೇಡಿ.

ಹಾಗಂತ ಎಲ್ಲ ತಪ್ಪೂ ಕವಲಿನದೇ, ಬೆಣ್ಣೆ ದೋಸೆ ದಿನಾ ತಿನ್ನಬಹುದು ಅಂತ ಅರ್ಥ ಮಾಡಿಕೊಳ್ಳಬೇಡಿ. ಎಲ್‌ಡಿಎಲ್ ತುಂಬಾ ಕಡಿಮೆ ಇರುವವರಿಗೂ ಕವಲುಗಳಿವೆ, ಅಲ್ಲಿ ಸುಳಿಯೂ ಇದೆ, ಬ್ಲಾಕ್ ಮಾತ್ರ ಅಪರೂಪ. ಕವಲುಗಳನ್ನು ನಾವು ಬದಲಿಸಲಾರೆವು. ಎಲ್‌ಡಿಎಲ್, ಬೀಡಿ ಸಿಗರೇಟು, ಸಕ್ಕರೆ, ಬಿಪಿ ಇವನ್ನು ಬದಲಿಸಬಹುದು.

ಒಳಪದರ ಹರಿವನ್ನು ನೋಡಿ ಇಡೀ ನಾಳವನ್ನೇ ತಿದ್ದುತ್ತದೆ ಅನ್ನುವುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಬೇಕಾದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈ ನೋಡಬೇಕು. ನಮ್ಮ ಓಣಿಯಲ್ಲಿ ಹಿರಿಯರೊಬ್ಬರಿದ್ದಾರೆ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ಅವರ ಎಡಗೈಯ ಮಣಿಕಟ್ಟಿನ ಹತ್ತಿರ ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಜೋಡಿಸಿ ಹೊಲಿದಿದ್ದಾರೆ, ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಒಮ್ಮೆ ತಾವೇ ಕೈ ಚಾಚಿ 'ಮುಟ್ಟಿ ನೋಡಪ್ಪಾ, ಗುಂಯ್ ಅಂತೈತಿ' ಅಂದರು. ಬೆರಳಿಟ್ಟರೆ ಚರ್ಮದ ಕೆಳಗೆ ಒಂದೇ ಸಮನೆ ನಡುಕ, ಪ್ರತಿ ಬಡಿತಕ್ಕೂ ಸ್ವಲ್ಪ ಜೋರು. ಮೊಣಕೈ ತನಕ ನಾಳ ಉಬ್ಬಿ ಎದ್ದು ಕಾಣುತ್ತದೆ. ಅದರ ಉದ್ದಕ್ಕೂ ಸೂಜಿ ಚುಚ್ಚಿದ ಕಲೆಗಳು. ಆಪರೇಷನ್ನಿಗೆ ಮುಂಚೆ ಆ ಅಭಿಧಮನಿ ಎಲ್ಲರ ಕೈಯಲ್ಲಿರುವಷ್ಟೇ ಸಪೂರ ಇತ್ತು. ಅದರಲ್ಲಿ ನಿಧಾನವಾಗಿ ಹೋಗುತ್ತಿದ್ದ ರಕ್ತ ಈಗ ನಿಮಿಷಕ್ಕೆ ಅರ್ಧ ಲೀಟರಿಗೂ ಜಾಸ್ತಿ ನುಗ್ಗುತ್ತದೆ. ಉಜ್ಜು ಬಲ ಒಮ್ಮೆಗೇ ಏರಿತು, ಒಳಪದರ ಅದನ್ನು ಗಮನಿಸಿತು, ಒಂದೂವರೆ ಎರಡು ತಿಂಗಳಲ್ಲಿ ನಾಳ ಅಗಲವಾಯಿತು, ಗೋಡೆ ದಪ್ಪವಾಯಿತು. ಡಾಕ್ಟರುಗಳು ಕಾಯುವುದು ಇದಕ್ಕೇ. ಆಮೇಲೇ ದಪ್ಪ ಸೂಜಿ ಹಾಕಲು ಬರುತ್ತದೆ. ಇದೇ ಫಿಸ್ಟುಲಾ ಕೆಟ್ಟರೆ ಹೆಚ್ಚಾಗಿ ಎಲ್ಲಿ ಇಕ್ಕಟ್ಟಾಗುತ್ತದೆ ಗೊತ್ತಾ? ಹೊಲಿಗೆ ಹಾಕಿದ ಜಾಗದ ಪಕ್ಕದಲ್ಲೇ, ಹರಿವು ತಿರುಗಿ ಸುಳಿಯಾಗುವ ಕಡೆ. ಅದೇ ಕೈ, ಅದೇ ನಾಳ. (ಫಿಸ್ಟುಲಾ ಇರುವ ಕೈಗೆ ಬಿಪಿ ಪಟ್ಟಿ ಕಟ್ಟಬಾರದು. ಮನೆಯಲ್ಲಿ ಇಂಥವರಿದ್ದರೆ ನೆನಪಿರಲಿ.)

ನಾಳ ಅಗಲವಾದರೆ ಉಜ್ಜು ಬಲ ಇಳಿಯುತ್ತದೆ, ಅದೂ ತ್ರಿಜ್ಯದ ಘನಕ್ಕೆ ತಕ್ಕಂತೆ. ಅಷ್ಟೇ ರಕ್ತ ಹರಿಯುತ್ತಿದ್ದು ತ್ರಿಜ್ಯ ಎರಡು ಪಟ್ಟಾದರೆ ಬಲ ಎಂಟನೇ ಒಂದು ಪಾಲು. ಹಾಗಾಗಿ ಸ್ವಲ್ಪ ಅಗಲವಾದರೂ ಸಾಕು, ಬಲ ಮೊದಲಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. 1926ರಲ್ಲೇ ಸೆಸಿಲ್ ಮರ್ರೇ ಅನ್ನುವ ಶರೀರಶಾಸ್ತ್ರಜ್ಞ ಕವಲುಗಳ ಅಳತೆಗೆ ಒಂದು ಲೆಕ್ಕ ಕೊಟ್ಟಿದ್ದರು: ತಾಯಿನಾಳದ ತ್ರಿಜ್ಯದ ಘನ, ಕವಲುಗಳ ತ್ರಿಜ್ಯದ ಘನಗಳ ಮೊತ್ತಕ್ಕೆ ಸಮ. 4 ಮಿಲಿಮೀಟರ್ ನಾಳ ಎರಡು ಸಮ ಕವಲಾದರೆ ಒಂದೊಂದೂ ಸುಮಾರು 3.2 ಮಿಲಿಮೀಟರ್. ಈ ಲೆಕ್ಕದಂತೆ ಕವಲಾದರೆ ಉಜ್ಜು ಬಲ ತಾಯಿನಾಳದಲ್ಲೂ ಕವಲಿನಲ್ಲೂ ಒಂದೇ ಇರುತ್ತದೆ. ಮಹಾಪಧಮನಿಗೆ ಇದು ಅಷ್ಟಾಗಿ ಹೊಂದುವುದಿಲ್ಲ, ಸಣ್ಣ ನಾಳಗಳಿಗೆ ಚೆನ್ನಾಗಿ ಹೊಂದುತ್ತದೆ. ಯಾವ ಇಂಜಿನಿಯರೂ ಕೂತು ಅಳೆದಿಲ್ಲ. ಒಳಪದರ ತನ್ನ ಮೇಲಿನ ಬಲವನ್ನು ಸರಿಪಡಿಸಿಕೊಳ್ಳುತ್ತಾ ಹೋಗಿದ್ದರಿಂದ ಅಳತೆ ತಾನಾಗಿ ಬಂದಿದೆ. 1986ರಲ್ಲಿ ಮೊಲದ ಕುತ್ತಿಗೆಯ ನಾಳದಲ್ಲಿ ರಕ್ತ ಕಡಿಮೆ ಮಾಡಿ ನೋಡಿದಾಗ ನಾಳ ಸಪೂರವಾಯಿತು. ಒಳಪದರ ತೆಗೆದುಹಾಕಿದ ನಾಳ ಹಾಗೆ ಆಗಲಿಲ್ಲ.

ಬೈಪಾಸ್ ಆಪರೇಷನ್ನಿನಲ್ಲೂ ಇದೇ ಪಾಠ. ಕಾಲಿನಿಂದ ತೆಗೆದ ಅಭಿಧಮನಿ ಜೀವಮಾನವಿಡೀ ಕಡಿಮೆ ಒತ್ತಡ, ನಿಧಾನ ಹರಿವಿಗೆ ಒಗ್ಗಿಕೊಂಡದ್ದು. ಅದನ್ನು ಹೃದಯದ ಮೇಲೆ ಹೊಲಿದರೆ ಅಪಧಮನಿಯ ಒತ್ತಡ ತಡೆದುಕೊಳ್ಳಲು ಗೋಡೆ ದಪ್ಪವಾಗುತ್ತಾ ಹೋಗಿ, ಎಷ್ಟೋ ಜನರಲ್ಲಿ ಹತ್ತು ವರ್ಷದೊಳಗೆ ಮುಚ್ಚುತ್ತದೆ. ಎದೆಗೋಡೆಯ ಒಳಗಿನ ಅಪಧಮನಿ ಹೆಚ್ಚು ಕಾಲ ಬಾಳುತ್ತದೆ. ಅದರ ಒಳಪದರ ನೈಟ್ರಿಕ್ ಆಕ್ಸೈಡ್ ಕೊಡುವುದರಲ್ಲಿ ಮುಂದೆ.

ಇನ್ನು ನಮ್ಮ ಕೈಲಿರುವ ಸಂಗತಿ. ಅಂಗಡಿಯ ಗಲ್ಲಾದಲ್ಲಿ ಬೆಳಗಿನಿಂದ ರಾತ್ರಿ ತನಕ ಕೂರುವವರು, ಹೈವೇಯಲ್ಲಿ ಲಾರಿ ಓಡಿಸುವವರು, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವರು ಇದನ್ನು ಗಮನಿಸಬೇಕು. ಮಂಡಿ ಮಡಚಿ ಗಂಟೆಗಟ್ಟಲೆ ಕೂತರೆ ಕಾಲಿನ ನಾಳದಲ್ಲಿ ಹರಿವು ಇಳಿಯುತ್ತದೆ, ಉಜ್ಜು ಬಲವೂ ಇಳಿಯುತ್ತದೆ. ಆರೋಗ್ಯವಂತ ಯುವಕರನ್ನೇ ಕೆಲವು ಗಂಟೆ ಕೂರಿಸಿ ನೋಡಿದಾಗ ಅವರ ಮಂಡಿಯ ಹಿಂದಿನ ನಾಳ ಹಿಗ್ಗುವ ಶಕ್ತಿ ಕಡಿಮೆಯಾಗಿತ್ತು. ಹತ್ತು ನಿಮಿಷ ನಡೆದಮೇಲೆ ಮರಳಿ ಬಂತು. ಕೂತಲ್ಲೇ ಆಗಾಗ ಪಾದ ಕುಣಿಸುತ್ತಿದ್ದ ಕಾಲಿನಲ್ಲಿ ಕಡಿಮೆಯಾಗಲೇ ಇಲ್ಲ. ಕಾಲು ಅಲ್ಲಾಡಿಸಿದರೆ ಮನೆಯಲ್ಲಿ ಹಿರಿಯರು ಬೈಯುತ್ತಾರೆ, ಆದರೆ ಒಳಪದರಕ್ಕೆ ಅದು ಒಳ್ಳೆಯದೇ.

ಕುಂದವಾಡ ಕೆರೆ ಏರಿಯ ಮೇಲೆ ಬೆಳಗ್ಗೆ ವಾಕಿಂಗ್ ಮಾಡುವವರು ಹೆಚ್ಚಾಗಿ ಮಾತಾಡುವುದು ಎಷ್ಟು ತೂಕ ಇಳೀತು ಅಂತ. ತೂಕ ಇಳಿಯದಿದ್ದರೆ ಬೇಜಾರಾಗಿ ಬಿಟ್ಟುಬಿಡುತ್ತಾರೆ. ಆದರೆ ಚುರುಕಾಗಿ ನಡೆದ ಅಷ್ಟೂ ಹೊತ್ತು ಹೃದಯ ಹೊರಹಾಕುವ ರಕ್ತ ನಿಮಿಷಕ್ಕೆ 5 ಲೀಟರಿನಿಂದ ಅದರ ಎರಡು ಪಟ್ಟಿನ ತನಕ ಏರಬಹುದು. ಕಾಲಿನ ನಾಳಗಳಲ್ಲಿ ಹರಿವು ಒಂದೇ ದಿಕ್ಕಿಗೆ ಜೋರಾಗಿ ಸಾಗುತ್ತದೆ, ನೈಟ್ರಿಕ್ ಆಕ್ಸೈಡ್ ಹೊರಬರುತ್ತದೆ. ತಕ್ಕಡಿಯಲ್ಲಿ ಇದು ಕಾಣುವುದಿಲ್ಲ. ತೂಕ ಅಲ್ಲೇ ನಿಂತಿದ್ದರೂ ನಡೆಯುವುದನ್ನು ಬಿಡಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಡಾಕ್ಟರು ಸ್ಟ್ಯಾಟಿನ್ ಮಾತ್ರೆ ಬರೆದಿದ್ದರೆ ಅದೂ ಬರೀ ಕೊಲೆಸ್ಟ್ರಾಲ್ ಇಳಿಸಿ ಸುಮ್ಮನಿರುವುದಿಲ್ಲ. ಲ್ಯಾಬಿನ ಪ್ರಯೋಗಗಳಲ್ಲಿ ಅದು ಒಳಪದರದ ಕೆಎಲ್ಎಫ್2 ಅನ್ನೂ ಚುರುಕು ಮಾಡುತ್ತದೆ.

ಒಳಪದರ ಹೇಗಿದೆ ಅಂತ ಅಳೆಯಲು ಸಂಶೋಧಕರು 1992ರಿಂದ ಬಳಸುತ್ತಿರುವ ವಿಧಾನವೂ ಸರಳ. ಮುಂಗೈಗೆ ಬಿಪಿ ಪಟ್ಟಿ ಕಟ್ಟಿ ಐದು ನಿಮಿಷ ರಕ್ತ ತಡೆಯುತ್ತಾರೆ, ಆಮೇಲೆ ಒಮ್ಮೆಗೇ ಬಿಡುತ್ತಾರೆ. ರಕ್ತ ನುಗ್ಗುತ್ತದೆ, ಉಜ್ಜು ಬಲ ಏರುತ್ತದೆ, ಸುಮಾರು ಒಂದು ನಿಮಿಷದಲ್ಲಿ ತೋಳಿನ ನಾಳ ಎಷ್ಟು ಹಿಗ್ಗಿತು ಅಂತ ಅಲ್ಟ್ರಾಸೌಂಡ್‌ನಲ್ಲಿ ಅಳೆಯುತ್ತಾರೆ. ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಬ್ಲಾಕ್ ಕಾಣಿಸುವ ಎಷ್ಟೋ ಮುಂಚೆಯೇ ಈ ಹಿಗ್ಗು ಕಡಿಮೆ ಇರುತ್ತದೆ. ಇದು ಸಂಶೋಧನೆಯ ಪರೀಕ್ಷೆ, ಲ್ಯಾಬಿಗೆ ಹೋಗಿ ಮಾಡಿಸಿಕೊಳ್ಳುವ ಅಗತ್ಯ ಇಲ್ಲ. ಮಾಮೂಲಿ ಬಿಪಿ, ಸಕ್ಕರೆ, ಲಿಪಿಡ್ ಪ್ರೊಫೈಲ್ ಮಾಡಿಸಿ, ಎಲ್‌ಡಿಎಲ್ ಎಷ್ಟಿದೆ, ನಿಮಗೆ ಎಷ್ಟಿರಬೇಕು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಆಂಜಿಯೋಗ್ರಾಂ ಆಗಿದ್ದರೆ ಬ್ಲಾಕ್ ಎಲ್ಲಿದೆ ಅಂತ ತೋರಿಸಲು ಹೇಳಿ. ಹೆಚ್ಚಿನವರು ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ.